ಬಸಪ್ಪನವರ, ಇವಾನೋವ್: ಪಿತೃನಾಮಮೂಲದ ಮನೆತನದ ಹೆಸರುಗಳು

1

ವ್ಯಕ್ತಿನಾಮಗಳ ಅಧ್ಯಯನವು ಭಾಷಾವಿಜ್ಞಾನ ಮತ್ತು ಸಂಸ್ಕೃತಿ ಅಧ್ಯಯನಗಳೆರಡಕ್ಕೂ ಸಮಾನವಾಗಿ ಸೇರಿದ ಕ್ಷೇತ್ರ. ಕನ್ನಡದಲ್ಲಿ ಶಂ. ಬಾ. ಜೋಶಿ, ಎಂ. ಚಿದಾನಂದಮೂರ್ತಿ, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಹೆಸರುಗಳನ್ನು ಇತಿಹಾಸದ ಆಕರಗಳಾಗಿ ಓದುವ ದಾರಿಯನ್ನು ತೋರಿಸಿಕೊಟ್ಟಿದ್ದಾರೆ. ಊರಿನ ಹೆಸರುಗಳ ಬಗೆಗೆ ನಮ್ಮಲ್ಲಿ ನಡೆದಿರುವಷ್ಟು ಚರ್ಚೆ ಮನೆತನದ ಹೆಸರುಗಳ ವ್ಯಾಕರಣದ ಬಗೆಗೆ ನಡೆದಿಲ್ಲ. ಪ್ರಸ್ತುತ ಲೇಖನವು ಅವುಗಳಲ್ಲಿ ಒಂದೇ ಒಂದು ಬಗೆಯನ್ನು, ಅಂದರೆ ತಂದೆಯ ಅಥವಾ ಮೂಲಪುರುಷನ ಹೆಸರಿನಿಂದ ಹುಟ್ಟಿದ ಮನೆತನದ ಹೆಸರನ್ನು, ಸ್ಲಾವಿಕ್ ಭಾಷೆಗಳ ಇಂಥದೇ ಹೆಸರುಗಳೊಡನೆ ಹೋಲಿಸಿ ವಿವೇಚಿಸುತ್ತದೆ.

ಠಾಣೆ ರೈಲು ನಿಲ್ದಾಣದ ಪಶ್ಚಿಮಕ್ಕಿರುವ ನೌಪಾಡಾ ಪ್ರಧಾನವಾಗಿ ಮರಾಠಿ ಮಾತನಾಡುವವರ ಬಡಾವಣೆ. ಇಲ್ಲಿ ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಬಂದವರು, ಕರಾವಳಿಯವರು, ಹಳೆಯ ಮೈಸೂರಿನವರು ಹೀಗೆ ಮೂರು ದಿಕ್ಕಿನ ಕನ್ನಡಿಗರೂ ನೆಲೆಸಿದ್ದಾರೆ. ಕಟ್ಟಡಗಳ ಪ್ರವೇಶದ್ವಾರದಲ್ಲಿ ತೂಗುಹಾಕಿದ ನಾಮಫಲಕಗಳಲ್ಲಿ ಈ ಮೂರು ಪ್ರದೇಶಗಳ ನಾಮಪದ್ಧತಿಗಳೂ ಮರಾಠಿ ಪದ್ಧತಿಯ ಪಕ್ಕದಲ್ಲಿ ಕಾಣಸಿಗುತ್ತವೆ. ಕರ್ನಾಟಕದೊಳಗೆ ಸಹಜವೆಂದು ಗಮನಕ್ಕೆ ಬಾರದೆ ಹೋಗುವ ಸಂಗತಿಗಳು ಇಂಥ ಗಡಿಯಾಚೆಯ ನೆಲೆಯಲ್ಲಿ ಸ್ಪಷ್ಟವಾಗಿ ಗೋಚರಿಸುತ್ತವೆ.

ಮೊದಲಿಗೆ ಒಂದು ಪರಿಭಾಷೆಯ ಮಾತು. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರಿಗೆ ‘ಅಡ್ಡಹೆಸರು’ ಎನ್ನುತ್ತಾರೆ. ಮರಾಠಿಯ ‘ಆಡನಾವ್’ ಎಂಬುದರ ರಚನೆಯೂ ಇದೇ. ಮೈಸೂರಿನ ಕಡೆ ‘ಅಡ್ಡಹೆಸರು’ ಎಂದರೆ ಗೆಳೆಯರು ತಮಾಷೆಗೆ ಇಟ್ಟ ಹೆಸರು. ಒಂದೇ ಪದಕ್ಕೆ ಎರಡು ಅರ್ಥಗಳಿರುವುದೇ ಎರಡು ಪ್ರದೇಶಗಳ ನಾಮವ್ಯವಸ್ಥೆ ಬೇರೆಬೇರೆ ಎಂಬುದನ್ನು ಸೂಚಿಸುತ್ತದೆ. ಗೊಂದಲ ಬೇಡವೆಂದು ಇಲ್ಲಿ ‘ಮನೆತನದ ಹೆಸರು’ ಎಂಬ ಪ್ರಯೋಗವನ್ನೇ ಉಳಿಸಿಕೊಳ್ಳಲಾಗಿದೆ.

2

ರಷ್ಯನ್ ಕಾದಂಬರಿಗಳನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಗಳು ಎಡವುವುದು ಹೆಸರುಗಳಲ್ಲಿ. ಲೇವ್ ನಿಕೊಲಾಯೆವಿಚ್ ಟಾಲ್‌ಸ್ಟಾಯ್, ಫ್ಯೋದೊರ್ ಮಿಖಾಯ್ಲೊವಿಚ್ ದೊಸ್ತೊಯೆವ್‌ಸ್ಕಿ ಎಂಬಲ್ಲಿ ಮೊದಲನೆಯದು ಸ್ವಂತ ಹೆಸರು, ನಡುವಿನದು ತಂದೆಯ ಹೆಸರಿನಿಂದ ಸಾಧಿತವಾದ ಪಿತೃನಾಮ, ಕೊನೆಯದು ಮನೆತನದ ಹೆಸರು. ಮಹಾರಾಷ್ಟ್ರದ ವಾಚಕನಿಗೆ ಈ ಅನುಕ್ರಮ ಅಪರಿಚಿತವಲ್ಲ. ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಮರಾಠಿ ಕ್ರಮವೂ ಇದೇ. ಆದರೆ ಮರಾಠಿಯಲ್ಲಿ ತಂದೆಯ ಹೆಸರು ಯಾವ ವಿಕಾರವೂ ಇಲ್ಲದೆ ನಡುವೆ ಬಂದು ಕೂಡುತ್ತದೆ. ರಷ್ಯನ್ನಿನಲ್ಲಿ ಅದಕ್ಕೆ ಪ್ರತ್ಯಯ ಹತ್ತುತ್ತದೆ.

ಈ ಪ್ರತ್ಯಯವನ್ನು ಬಿಡಿಸಿ ನೋಡಬೇಕು. ‘ಇವಾನೋವ್’ ಎಂಬಲ್ಲಿ -ಓವ್ ಎಂಬುದು ಒಡೆತನವನ್ನು ಸೂಚಿಸುವ ವಿಶೇಷಣ ಪ್ರತ್ಯಯ. ‘ಇವಾನನ’ ಎಂಬುದು ಅದರ ನೇರ ಅರ್ಥ. ಇವಾನನ ಏನು? ಹಳೆಯ ದಾಖಲೆಗಳು ಇದಕ್ಕೆ ಉತ್ತರ ಕೊಡುತ್ತವೆ. ಅಲ್ಲಿ ‘ಪ್ಯೋತ್ರ್ ಇವಾನೋವ್ ಸಿನ್’ ಎಂಬ ಬಗೆಯ ಪ್ರಯೋಗಗಳಿವೆ. ‘ಸಿನ್’ ಎಂದರೆ ಮಗ. ಸಂಸ್ಕೃತದ ‘ಸೂನು’ ಶಬ್ದಕ್ಕೆ ಅದು ಸಜಾತಿ. ಕಾಲಕ್ರಮದಲ್ಲಿ ‘ಮಗ’ ಎಂಬ ವಿಶೇಷ್ಯ ಲೋಪವಾಗಿ ವಿಶೇಷಣ ಮಾತ್ರ ಉಳಿಯಿತು. ಪೆತ್ರೋವ್ ಎಂದರೆ ಪೀಟರನ ಮಗ, ಕುಜ್ನೆತ್ಸೋವ್ ಎಂದರೆ ಕಮ್ಮಾರನ ಮಗ, ಪೊಪೋವ್ ಎಂದರೆ ಪುರೋಹಿತನ ಮಗ. ಈ -ಓವ್ ಪ್ರತ್ಯಯದ ಮೇಲೆ ಸಂತತಿವಾಚಕವಾದ ಇನ್ನೊಂದು ಪ್ರತ್ಯಯ ಸೇರಿದಾಗ -ಓವಿಚ್ ಆಗುತ್ತದೆ. ರಷ್ಯನ್ನಿನಲ್ಲಿ ಅದು ಮುಖ್ಯವಾಗಿ ನಡುವಿನ ಹೆಸರಾಗಿ ಉಳಿದರೆ, ಸರ್ಬಿಯನ್ ಮತ್ತು ಕ್ರೊಯೇಷಿಯನ್ ಭಾಷೆಗಳಲ್ಲಿ ಪೆತ್ರೋವಿಚ್, ಯೊವಾನೊವಿಚ್ ಎಂಬ ಮನೆತನದ ಹೆಸರುಗಳಾಯಿತು.

ಮುಖ್ಯವಾದ ಪ್ರಶ್ನೆಯೆಂದರೆ, ತಲೆಮಾರಿನಿಂದ ತಲೆಮಾರಿಗೆ ಬದಲಾಗಬೇಕಾದ ಪಿತೃನಾಮ ಬದಲಾಗದ ಮನೆತನದ ಹೆಸರಾದುದು ಹೇಗೆ ಎಂಬುದು. ಇವಾನನ ಮಗ ಪ್ಯೋತ್ರನು ‘ಇವಾನೋವ್’ ಆದುದು ಸರಿ. ಪ್ಯೋತ್ರನ ಮಗ ‘ಪೆತ್ರೋವ್’ ಆಗಬೇಕಾಗಿತ್ತು. ಅವನೂ ‘ಇವಾನೋವ್’ ಆಗಿಯೇ ಉಳಿದ ದಿನ ಪಿತೃನಾಮ ಹೆಪ್ಪುಗಟ್ಟಿ ಮನೆತನದ ಹೆಸರಾಯಿತು. ಜಮೀನಿನ ವಾರಸುದಾರಿಕೆ, ತೆರಿಗೆ, ಸೈನ್ಯದ ದಾಖಲೆಗಳು ಈ ಹೆಪ್ಪುಗಟ್ಟುವಿಕೆಗೆ ಕಾರಣವಾದವು. ಶ್ರೀಮಂತ ಮನೆತನಗಳಲ್ಲಿ ಇದು ಮೊದಲು ನಡೆಯಿತು. ಬಹುಸಂಖ್ಯಾತ ರೈತರಿಗೆ ಸ್ಥಿರವಾದ ಮನೆತನದ ಹೆಸರು ದಕ್ಕಿದ್ದು 1861ರಲ್ಲಿ ಜೀತಪದ್ಧತಿ ರದ್ದಾದ ತರುವಾಯ. ಅದಕ್ಕೆ ಹಿಂದೆ -ವಿಚ್ ಎಂದು ಕೊನೆಗೊಳ್ಳುವ ಪಿತೃನಾಮವೂ ಮೇಲುವರ್ಗದವರಿಗೆ ಮೀಸಲಾದ ಗೌರವವಾಗಿತ್ತು. ತಂದೆಯ ಹೆಸರನ್ನು ಪೂರ್ಣವಾಗಿ ಹೇಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇರಲಿಲ್ಲ.

ದೊಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಈ ಹಕ್ಕಿನ ದಾರುಣ ರೂಪವೊಂದಿದೆ. ಮೂವರು ಮಕ್ಕಳೂ ‘ಫ್ಯೋದೊರೊವಿಚ್’ಗಳು. ಮನೆಯ ಅಡುಗೆಯಾಳನ್ನೂ ಜನ ಪಾವೆಲ್ ಫ್ಯೋದೊರೊವಿಚ್ ಎಂದೇ ಕರೆಯುತ್ತಾರೆ. ತಂದೆಯೆಂದು ಯಾರೂ ಒಪ್ಪಿಕೊಳ್ಳದ ಸತ್ಯವನ್ನು ಪಿತೃನಾಮ ಹೇಳಿಬಿಡುತ್ತದೆ. ಅವನ ಮನೆತನದ ಹೆಸರು ‘ಸ್ಮೆರ್ದ್ಯಾಕೋವ್’ ಮಾತ್ರ ತಾಯಿಗೆ ಊರವರು ಇಟ್ಟಿದ್ದ ‘ನಾರುವವಳು’ ಎಂಬ ಹೀನಾಯದ ಹೆಸರಿನಿಂದ ಬಂದುದು. ಕೌಂತೇಯನಾಗಿದ್ದೂ ರಾಧೇಯನಾಗಿ ಬಾಳಿದ ಕರ್ಣನನ್ನು ಪಂಪನಲ್ಲಿ ಓದಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಒಂದು ತದ್ಧಿತ ಪ್ರತ್ಯಯದಲ್ಲಿ ಮನುಷ್ಯನ ಇಡೀ ಬಾಳು ಅಡಗಿರಬಲ್ಲದು.

3

ಇನ್ನು ನಮ್ಮ ಪರಂಪರೆಯ ಕಡೆಗೆ ಬರೋಣ. ಅಪತ್ಯಾರ್ಥದ ತದ್ಧಿತಗಳು ಸಂಸ್ಕೃತದಲ್ಲಿ ಹೇರಳ. ದಾಶರಥಿ, ಪಾಂಡವ, ಸೌಮಿತ್ರಿ ಇವೆಲ್ಲ ಪಾಣಿನಿಯ ‘ತಸ್ಯಾಪತ್ಯಂ’ ಸೂತ್ರದ ಅಧಿಕಾರದಲ್ಲಿ ಬರುವಂಥವು. ಕನ್ನಡಕ್ಕೆ ಇಂಥ ಸ್ವಂತ ಪ್ರತ್ಯಯದ ಅಗತ್ಯ ಬೀಳಲಿಲ್ಲ. ಷಷ್ಠೀ ವಿಭಕ್ತಿಯೇ ಸಾಕಾಯಿತು. ಇಂಥವನ ಮಗ ಇಂಥವನು ಎಂಬುದು ನಮ್ಮ ವೀರಗಲ್ಲುಗಳ, ದಾನಶಾಸನಗಳ ಸಾಮಾನ್ಯ ವಾಕ್ಯಸರಣಿ. ಹೆಸರು ಬರೆಸಿಕೊಳ್ಳುವವನ ಗುರುತು ತಂದೆಯಿಂದ ಸಿದ್ಧವಾಗುತ್ತಿತ್ತು. ಹಾಗೆ ಸಿದ್ಧವಾದ ಗುರುತು ಆ ಶಾಸನದ ಮಟ್ಟಿಗೆ ಮಾತ್ರ. ಮುಂದಿನ ತಲೆಮಾರಿಗೆ ಹೊಸ ತಂದೆ, ಹೊಸ ಷಷ್ಠಿ.

ಕನ್ನಡದ ವೈಶಿಷ್ಟ್ಯ ಮತ್ತೊಂದಿದೆ. ನಮ್ಮ ಹೆಸರುಗಳ ಒಳಗೇ ತಂದೆ ತಾಯಿಗಳು ಕುಳಿತಿದ್ದಾರೆ. ಅಪ್ಪ, ಅಯ್ಯ, ಅಣ್ಣ, ಅವ್ವ, ಅಬ್ಬೆ, ಅಕ್ಕ ಎಂಬ ಸಂಬಂಧವಾಚಕಗಳು ಹೆಸರಿನ ಉತ್ತರಪದಗಳಾಗಿ ನಿಲ್ಲುತ್ತವೆ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂಬುದು ಅವನ ತಮ್ಮ ಜಿನವಲ್ಲಭನ ಶಾಸನದಿಂದ ತಿಳಿದುಬಂದ ಸಂಗತಿ. ಇದು ಕನ್ನಡನಾಡಿಗೆ ಮಾತ್ರ ಸೀಮಿತವಾಗಿರಲಿಲ್ಲ. ಠಾಣೆಯ ಪ್ರಾಚೀನ ನಾಮ ಸ್ಥಾನಕ. ಉತ್ತರ ಕೊಂಕಣದ ಶಿಲಾಹಾರರ ಆಡಳಿತ ಕೇಂದ್ರ. ಈ ಮನೆತನದ ಛಿತ್ತರಾಜನ ಕ್ರಿ. ಶ. 1026ರ ಭಾಂಡುಪ್ ತಾಮ್ರಶಾಸನ ಸಂಸ್ಕೃತದಲ್ಲಿದ್ದರೂ ಅದರಲ್ಲಿ ಬರುವ ಅಧಿಕಾರಿಗಳ ಹೆಸರುಗಳು ನಾಗಣೈಯ, ಸೀಹಪೈಯ ಎಂದಿವೆ. ‘ಕರ್ಣಾಟ ಸಾಂಧಿವಿಗ್ರಹಿಕ’ ಎಂಬ ಪ್ರತ್ಯೇಕ ಅಧಿಕಾರಪದವಿಯೂ ಅಲ್ಲಿ ಉಲ್ಲೇಖಿತವಾಗಿದೆ. ಈ -ಐಯ ಎಂಬುದು ತಂದೆ, ಹಿರಿಯ, ಒಡೆಯ ಎಂಬ ಅರ್ಥಗಳ ನಮ್ಮ ‘ಅಯ್ಯ’ನೇ. ನೌಪಾಡಾದ ನಾಮಫಲಕದಲ್ಲಿ ಇಂದು ಒಬ್ಬ ‘ಅಯ್ಯ’ ಅಥವಾ ‘ಅಪ್ಪ’ ಕಾಣಿಸಿಕೊಂಡರೆ ಅದು ಈ ನೆಲಕ್ಕೆ ತೀರ ಹೊಸತಲ್ಲವೆಂಬುದನ್ನು ಗಮನಿಸಬೇಕು.

ಹುಟ್ಟಿದ ಕೂಸಿಗೆ ‘ಅಪ್ಪ’ ಎಂದು ಕೊನೆಗೊಳ್ಳುವ ಹೆಸರನ್ನಿಡುವುದು ಸೋಜಿಗವೆನಿಸಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ಇದಕ್ಕೆ ಒಂದು ಸಮಾಧಾನ. ತಮಿಳಿನಲ್ಲಿ ಮೊಮ್ಮಗನಿಗೆ ‘ಪೇರನ್’, ಎಂದರೆ ಹೆಸರು ಹೊತ್ತವನು, ಎಂಬ ಶಬ್ದವೇ ಇದೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದುದರಿಂದ ಆ ಹೆಸರು ಹೊತ್ತ ಮಗನನ್ನು ಅವಳು ‘ಅಪ್ಪಾ’ ಎಂದೇ ಕೂಗುತ್ತಿದ್ದಳು. ಒಂದು ತಲೆಮಾರನ್ನು ದಾಟಿ ಹೆಸರು ಮರಳಿ ಬರುವ ಈ ವ್ಯವಸ್ಥೆಯಲ್ಲಿ ಸ್ಥಿರವಾದ ಮನೆತನದ ಹೆಸರಿನ ಕೊರತೆ ಕಾಡುವುದಿಲ್ಲ.

4

ಹಾಗಾದರೆ ಇವಾನೋವ್ ಮಾದರಿಯ, ಪಿತೃನಾಮದಿಂದ ಹೆಪ್ಪುಗಟ್ಟಿದ ಮನೆತನದ ಹೆಸರು ಕನ್ನಡದಲ್ಲಿಲ್ಲವೆ? ಇದೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ ಪ್ರದೇಶಗಳ ಬಸಪ್ಪನವರ, ನಿಂಗಪ್ಪನವರ, ಕರಿಯಪ್ಪನವರ, ಹನುಮಂತನವರ, ಮಲ್ಲನಗೌಡರ ಎಂಬ ಹೆಸರುಗಳು ನಿಶ್ಚಿತವಾಗಿ ಈ ವರ್ಗಕ್ಕೆ ಸೇರುತ್ತವೆ. ಇವುಗಳ ರಚನೆ ಹೀಗಿದೆ: ‘ಬಸಪ್ಪ’ ಎಂಬ ಮೂಲಪುರುಷನ ಹೆಸರು, ಅದರ ಮೇಲೆ ‘ನವರು’ ಎಂದಾಗ ‘ಬಸಪ್ಪನ ಕಡೆಯವರು’ ಎಂಬ ಬಹುವಚನ, ಅದಕ್ಕೆ ಷಷ್ಠೀ ಪ್ರತ್ಯಯವಾದ ‘ಅ’ ಹತ್ತಿ ‘ಬಸಪ್ಪನವರ’. ಬಡಿಗೇರ, ಗಾಣಿಗೇರ, ಮಡಿವಾಳರ ಎಂಬ ವೃತ್ತಿಮೂಲದ ಹೆಸರುಗಳೂ ಇದೇ ಅಚ್ಚಿನವು.

ಧಾರವಾಡದ ಆಡುನುಡಿಯಲ್ಲಿ ‘ಗೌಡರು’ ಎಂಬ ಪ್ರಥಮಾ ರೂಪವೂ ‘ಗೌಡರ’ ಎಂದು ಕೇಳಿಸುವುದುಂಟು. ಹೀಗಿರುವಾಗ ‘ಬಸಪ್ಪನವರ’ ಎಂಬುದು ಪ್ರಥಮೆಯೇ ಏಕಾಗಬಾರದು ಎಂಬ ಆಕ್ಷೇಪ ಬರಬಹುದು. ಇದಕ್ಕೆ ಬಳಕೆಯೇ ಉತ್ತರ. ಹಳ್ಳಿಯಲ್ಲಿ ‘ನೀ ಯಾರ ಪೈಕಿ?’ ಎಂದು ಕೇಳುತ್ತಾರೆ. ‘ಬಸಪ್ಪನವರ ಪೈಕಿ’ ಎಂದು ಉತ್ತರ ಬರುತ್ತದೆ. ಬಸಪ್ಪನವರ ಓಣಿ, ಬಸಪ್ಪನವರ ಹೊಲ, ಬಸಪ್ಪನವರ ಸೊಸಿ ಎಂಬ ಪ್ರಯೋಗಗಳಲ್ಲಿ ಷಷ್ಠಿ ನಿಚ್ಚಳವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಮಾತಿನಲ್ಲಿ ಮನೆತನದ ಹೆಸರು ಮೊದಲು ಬಂದು ವ್ಯಕ್ತಿಯ ಹೆಸರು ಆಮೇಲೆ ಬರುತ್ತದೆ: ‘ಬಸಪ್ಪನವರ ಶಿವಪ್ಪ’, ‘ಬಡಿಗೇರ ಮೌನೇಶಪ್ಪ’. ಇಲ್ಲಿ ಷಷ್ಠಿಗೆ ವಿಶೇಷ್ಯ ಸಿಕ್ಕಿದೆ. ಆ ವಿಶೇಷ್ಯ ವ್ಯಕ್ತಿಯೇ. ಬಸಪ್ಪನ ಕಡೆಯವರಿಗೆ ಸೇರಿದ ಶಿವಪ್ಪ ಎಂಬುದು ಒಂದು ಪರಿಪೂರ್ಣ ಪದಪುಂಜ.

ಈಗ ಹೋಲಿಕೆ ಸ್ಪಷ್ಟವಾಗುತ್ತದೆ. ಇವಾನೋವ್ ಮತ್ತು ಬಸಪ್ಪನವರ ಎರಡೂ ಸಂಬಂಧಾರ್ಥಕ ರೂಪಗಳು. ರಷ್ಯದ ಉತ್ತರ ಭಾಗದಲ್ಲೂ ಸೈಬೀರಿಯದಲ್ಲೂ ಪ್ರಚುರವಾಗಿರುವ ಚೆರ್ನಿಖ್, ಸೆದಿಖ್ ಮೊದಲಾದ ಹೆಸರುಗಳು ಇನ್ನೂ ಹತ್ತಿರದವು. ಅವು ಷಷ್ಠೀ ಬಹುವಚನಗಳೇ ಆಗಿವೆ. ಚೆರ್ನಿಖ್ ಎಂದರೆ ‘ಕರಿಯರ’, ಎಂದರೆ ಕರಿಯನೆಂಬವನ ಮನೆಯವರ. ನಮ್ಮ ‘ಕರಿಯಪ್ಪನವರ’ ಎಂಬುದಕ್ಕೆ ಇದಕ್ಕಿಂತ ಸಮೀಪದ ನೆಂಟ ಸಿಗಲಾರ. ಯಾವ ಸಂಪರ್ಕವೂ ಇಲ್ಲದ ಎರಡು ಭಾಷಾಕುಲಗಳು ಒಂದೇ ಸಾಮಾಜಿಕ ಅಗತ್ಯಕ್ಕೆ ಒಂದೇ ವ್ಯಾಕರಣದ ಪರಿಹಾರವನ್ನು ಕಂಡುಕೊಂಡಿವೆ.

ಭೇದಗಳೂ ಉಂಟು. ರಷ್ಯನ್ ಹೆಸರು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಮಗ ಇವಾನೋವ್, ಮಗಳು ಇವಾನೋವಾ. ‘ನವರ’ ಎಂಬುದಕ್ಕೆ ಲಿಂಗಭೇದವಿಲ್ಲ. ರಷ್ಯನ್ ಹೆಸರು ಒಬ್ಬ ತಂದೆಗೆ ಒಬ್ಬ ಮಗನನ್ನು ಜೋಡಿಸುತ್ತದೆ. ಕನ್ನಡದ ಹೆಸರು ಬಹುವಚನದಲ್ಲಿದ್ದು ವ್ಯಕ್ತಿಯನ್ನು ಇಡೀ ಬಳಗಕ್ಕೆ ಸೇರಿಸುತ್ತದೆ.

5

ಈ ಹೆಸರು ಅರ್ಜಿ ನಮೂನೆಯನ್ನು ಹೊಕ್ಕಾಗ ಆದುದೇನು? ಧಾರವಾಡ, ಬೆಳಗಾವಿ, ವಿಜಯಪುರ ಪ್ರದೇಶಗಳು ಪೇಶ್ವೆಯ ಆಳ್ವಿಕೆ 1818ರಲ್ಲಿ ಕೊನೆಗೊಂಡ ತರುವಾಯ ಮುಂಬಯಿ ಪ್ರಾಂತದ ಆಡಳಿತಕ್ಕೆ ಬಂದವು. 1862ರಲ್ಲಿ ಉತ್ತರ ಕನ್ನಡವೂ ಅದಕ್ಕೆ ಸೇರಿತು. 1956ರ ನವೆಂಬರ್ 1ರವರೆಗೆ ಅಲ್ಲಿಯ ಶಾಲೆಗಳೂ ಕಚೇರಿಗಳೂ ಠಾಣೆಯ ಶಾಲೆ ಕಚೇರಿಗಳಂತೆಯೇ ಮುಂಬಯಿ ಆಡಳಿತದ ಅಡಿಯಲ್ಲಿದ್ದವು. ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಕ್ರಮ ಉತ್ತರ ಕರ್ನಾಟಕದ ದಾಖಲೆಗಳಲ್ಲಿ ನೆಲೆಗೊಂಡುದು ಈ ಅವಧಿಯಲ್ಲಿ. ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ, ವಿನಾಯಕ ಕೃಷ್ಣ ಗೋಕಾಕ ಎಂಬ ಹೆಸರುಗಳು ಈ ಕ್ರಮದವು.

ಹೀಗೆ ‘ಬಸಪ್ಪನವರ ಶಿವಪ್ಪ’ನು ‘ಶಿವಪ್ಪ ಈರಪ್ಪ ಬಸಪ್ಪನವರ’ ಆದನು. ವಿಶೇಷಣ ವಿಶೇಷ್ಯದ ಹಿಂದಿರಬೇಕೆಂಬುದು ಕನ್ನಡದ ನಿಯಮ. ಷಷ್ಠಿಯನ್ನು ಕೊನೆಗೆ ತಳ್ಳಿದರೆ ಅದು ಯಾವುದನ್ನೂ ಆಶ್ರಯಿಸದೆ ನಿಂತುಬಿಡುತ್ತದೆ. ರಷ್ಯನ್ನಿನಲ್ಲಿ ‘ಪ್ಯೋತ್ರ್ ಇವಾನೋವ್’ ಎಂಬ ಕ್ರಮ ಆ ಭಾಷೆಯ ದಾಖಲೆಗಳ ಸಹಜ ಕ್ರಮವೇ ಆಗಿತ್ತು. ಕನ್ನಡಕ್ಕೆ ಈ ಕ್ರಮ ಹೊರಗಿನಿಂದ ಬಂದುದು. ಇದು ಮೊದಲ ಪೆಟ್ಟು.

ಎರಡನೆಯ ಪೆಟ್ಟು ಬೀಳುವುದು ಠಾಣೆಯಂಥ ಊರಿನಲ್ಲಿ. ದೇವನಾಗರಿಯಲ್ಲಿ ಬರೆದ ‘ಬಸಪ್ಪನವರ’ ಎಂಬುದನ್ನು ಮರಾಠಿ ನಾಲಗೆ ‘ಬಸಪ್ಪನವರ್’ ಎಂದು ಓದುತ್ತದೆ, ಏಕೆಂದರೆ ಪದಾಂತ್ಯದ ಅಕಾರ ಆ ಭಾಷೆಯಲ್ಲಿ ಉಚ್ಚಾರವಾಗುವುದಿಲ್ಲ. ರೋಮನ್ ಲಿಪಿಯಲ್ಲಿಯೂ ಆ ಅಕಾರ ಬಿಟ್ಟುಹೋಗುವುದೇ ಹೆಚ್ಚು. ಹೆಸರಿನ ಷಷ್ಠೀ ವಿಭಕ್ತಿ ನಿಂತಿದ್ದುದು ಆ ಒಂದು ಸ್ವರದ ಮೇಲೆ. ಅದು ಹೋದ ಮೇಲೆ ಹೆಸರು ‘ಯಾರದು’ ಎಂಬುದನ್ನು ಹೇಳುವ ಶಕ್ತಿಯನ್ನು ಕಳೆದುಕೊಂಡು ಬರಿಯ ಧ್ವನಿಸಮೂಹವಾಗುತ್ತದೆ. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ಮೂರನೆಯ ತಲೆಮಾರಿನ ಮಕ್ಕಳು ತಮ್ಮ ಹೆಸರನ್ನು ಹೀಗೆಯೇ ಉಚ್ಚರಿಸುತ್ತಾರೆ. ‘ನವರ್’ ಎಂಬುದಕ್ಕೆ ಅರ್ಥವೇನೆಂದು ಮರಾಠಿ ಗೆಳೆಯರು ಕೇಳಿ, ಮದುಮಗ ಎಂಬರ್ಥದ ‘ನವರಾ’ದೊಡನೆ ಸೇರಿಸಿ ನಕ್ಕರೆ ಆ ಮಕ್ಕಳಲ್ಲಿ ಉತ್ತರವಿರುವುದಿಲ್ಲ.

ಹಳೆಯ ಮೈಸೂರಿನಿಂದ ಬಂದವರ ಸ್ಥಿತಿ ಬೇರೆ. ಅವರ ಪದ್ಧತಿ ಆದ್ಯಕ್ಷರಗಳದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಕನ್ನಡದ ವಾಕ್ಯರಚನೆಗೆ ಇದು ಪೂರ್ಣವಾಗಿ ಒಪ್ಪುವ ಕ್ರಮ: ಕುಪ್ಪಳಿಯ ವೆಂಕಟಪ್ಪನ ಪುಟ್ಟಪ್ಪ. ಷಷ್ಠೀ ಪ್ರತ್ಯಯ ಕಣ್ಣಿಗೆ ಕಾಣದಿದ್ದರೂ ಅರ್ಥದಲ್ಲಿದೆ. ಇಂಥ ಹೆಸರಿನವರು ಠಾಣೆಗೆ ಬಂದು ಮಗುವನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ‘ಆಡನಾವ್’ ಎಂಬ ಖಾಲಿ ಜಾಗ ಎದುರಾಗುತ್ತದೆ. ಕೆಲವರು ಊರನ್ನು, ಕೆಲವರು ಜಾತಿಸೂಚಕ ಉಪಾಧಿಯನ್ನು ಅಲ್ಲಿ ತುಂಬುತ್ತಾರೆ. ಇವೆರಡೂ ಬೇಡವೆನ್ನುವವರು ತಂದೆಯ ಹೆಸರನ್ನೋ ತಮ್ಮ ಹೆಸರನ್ನೋ ಬರೆಯುತ್ತಾರೆ. ಅಜ್ಜ ಶ್ರೀಕಂಠಯ್ಯನಾಗಿದ್ದರೆ ಮಗ, ಮೊಮ್ಮಗ, ಮರಿಮಗ ಎಲ್ಲರೂ ‘ಶ್ರೀಕಂಠಯ್ಯ’ಗಳಾಗುತ್ತಾರೆ. ಇವಾನನ ಮೊಮ್ಮಗ ಇವಾನೋವ್ ಆಗಿಯೇ ಉಳಿದ ಪ್ರಕ್ರಿಯೆಗೂ ಇದಕ್ಕೂ ಅಂತರವಿಲ್ಲ. ಅಲ್ಲಿ ಶತಮಾನಗಳು ಹಿಡಿದ ಬದಲಾವಣೆ ನೌಪಾಡಾದಲ್ಲಿ ಒಂದು ಶಾಲಾ ಪ್ರವೇಶದ ದಿನದಲ್ಲಿ ಮುಗಿದುಹೋಗುತ್ತದೆ. ಅಪತ್ಯಾರ್ಥದ ಪ್ರತ್ಯಯ ಮಾತ್ರ ಇಲ್ಲಿಲ್ಲ. ಆದುದರಿಂದ ಶ್ರೀಕಂಠಯ್ಯನ ಮೊಮ್ಮಗಳೂ ಶ್ರೀಕಂಠಯ್ಯನೇ ಆಗಿ ಕರೆಯಿಸಿಕೊಳ್ಳಬೇಕಾಗುತ್ತದೆ.

6

ತಂದೆಯ ಹೆಸರಿನ ಈ ಚರ್ಚೆಯಲ್ಲಿ ತಾಯಿಯನ್ನು ಮರೆಯುವಂತಿಲ್ಲ. ನಾಸಿಕದ ಶಾಸನದ ಗೌತಮೀಪುತ್ರ ಸಾತಕರ್ಣಿ ತಾಯಿಯ ಹೆಸರಿನಿಂದ ಗುರುತಿಸಿಕೊಂಡವನು. ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮನ್ನು ಹಾರಿತೀಪುತ್ರರೆಂದು ಕರೆದುಕೊಂಡರು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಳಿ ಬರುವುದು ತಾಯಿಯಿಂದ. ಆ ಪದ್ಧತಿಯ ಕುಟುಂಬಗಳು ಮುಂಬಯಿ, ಠಾಣೆಗಳಿಗೆ ಬಂದು ನಮೂನೆಯ ನಡುವಿನ ಜಾಗದಲ್ಲಿ ತಂದೆಯ ಹೆಸರನ್ನು ಬರೆದಾಗ ಒಂದು ಕುಲವ್ಯವಸ್ಥೆಯೇ ದಾಖಲೆಯಿಂದ ಮರೆಯಾಯಿತು.

ವ್ಯಕ್ತಿ ತನ್ನ ಪಿತೃತ್ವವನ್ನು ತಾನೇ ಆರಿಸಿಕೊಂಡ ನಿದರ್ಶನಗಳೂ ನಮ್ಮಲ್ಲಿವೆ. ಮಾದಾರ ಚೆನ್ನಯ್ಯನ ಮನೆಯವನು ತಾನೆಂದು ಹೇಳಿಕೊಂಡ ಬಸವಣ್ಣನವರು ಹುಟ್ಟಿನ ವಂಶಾವಳಿಯನ್ನು ಬದಿಗೆ ಸರಿಸಿದರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದು ಮುಂಬಯಿ ಪ್ರಾಂತದ ಕ್ರಮಕ್ಕೆ ಸರಿಯಾಗಿ ಹೊಂದುವ ಹೆಸರು. ಕವಿಯಾಗಿ ಅವರು ‘ಅಂಬಿಕಾತನಯದತ್ತ’ ಎಂಬ ಅಂಕಿತವನ್ನು ಆರಿಸಿಕೊಂಡರು. ಅಂಬಿಕೆಯ ಮಗ ದತ್ತ ಎಂಬ ಈ ರಚನೆಯಲ್ಲಿ ತಾಯಿ ಮೊದಲು, ತಾನು ಕೊನೆ. ‘ತನಯ’ ಎಂಬ ಲೋಪವಾಗದ ವಿಶೇಷ್ಯ ನಡುವೆ. ದಾಖಲೆಯ ಹೆಸರು ಮುರಿದುದನ್ನು ಕಾವ್ಯದ ಹೆಸರು ಜೋಡಿಸಿದೆ.

ಮಹಾರಾಷ್ಟ್ರ ಸರಕಾರವು 2024ರಲ್ಲಿ, ಆ ವರ್ಷದ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಈ ಕ್ರಮದಲ್ಲಿರಬೇಕೆಂದು ನಿರ್ಧರಿಸಿತು. ಹೆಸರಿನ ನಮೂನೆ ಕಲ್ಲಿನಲ್ಲಿ ಕೊರೆದುದಲ್ಲ, ಅದು ತಿದ್ದುಪಡಿಗೆ ಒಳಪಡಬಲ್ಲದು ಎಂಬುದಕ್ಕೆ ಇದು ಪ್ರಮಾಣ.

7

ಇಷ್ಟು ವಿವೇಚನೆಯಿಂದ ಹೊರಡುವ ಮಾತು ಸರಳವಾದುದು. ಪಿತೃನಾಮಮೂಲದ ಮನೆತನದ ಹೆಸರು ಒಂದು ಬಿಡಿಪದವಲ್ಲ. ಅರ್ಧದಲ್ಲಿ ನಿಂತ ಒಂದು ವಾಕ್ಯಭಾಗ. ಸ್ಲಾವಿಕ್ ಹೆಸರಿನಲ್ಲಿ ‘ಮಗ’ ಎಂಬ ಶಬ್ದ ಲೋಪವಾಗಿದೆ. ಕನ್ನಡದ ಹೆಸರಿನಲ್ಲಿ ವ್ಯಕ್ತಿಯ ಹೆಸರು ಮುಂದಿನಿಂದ ಹಿಂದಕ್ಕೆ ಸರಿದು ಷಷ್ಠಿ ಅನಾಥವಾಗಿದೆ. ಅದನ್ನು ಬಿಡಿಸಿ ಓದಬಲ್ಲವರು ಇರುವತನಕ ಮಾತ್ರ ಅದು ಹೆಸರಾಗಿ ಅರ್ಥ ಕೊಡುತ್ತದೆ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಇಲ್ಲೊಂದು ಕರ್ತವ್ಯವಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳ ಹೆಸರುಗಳನ್ನು, ಅವನ್ನು ಹಿರಿಯರು ಉಚ್ಚರಿಸುವ ಕ್ರಮ, ಊರಿನಲ್ಲಿ ಬಳಸುವ ಕ್ರಮ, ಮೂಲಪುರುಷನ ಬಗೆಗಿನ ಮನೆಯ ಐತಿಹ್ಯ ಇವುಗಳ ಸಮೇತ ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಬಸಪ್ಪ ಯಾರಾಗಿದ್ದ, ಯಾವ ಊರಿನವನು ಎಂಬುದನ್ನು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕನ್ನಡ ಓದಲು ಬಾರದ ಮಗುವಿಗೂ ತನ್ನ ಹೆಸರಿನ ಕೊನೆಯ ಅಕಾರವನ್ನು ಉಚ್ಚರಿಸಲು ಕಲಿಸಬಹುದು, ಅದು ಏಕೆ ಇದೆಯೆಂದು ತಿಳಿಹೇಳಬಹುದು. ಆ ಒಂದು ಸ್ವರದಿಂದ ಷಷ್ಠೀ ವಿಭಕ್ತಿಯೂ, ಒಬ್ಬ ಪೂರ್ವಜನೂ, ಒಂದು ಊರೂ ಆ ಮಗುವಿನ ಪಾಲಿಗೆ ದಕ್ಕುತ್ತವೆ.